ಮೊದಲ ಸಾಲಿನ ನಾಲ್ಕು ಡಬ್ಬಿ

ಶ್ರೀ
ಸೋಮವಾರ, ೪ ಆಗಸ್ಟ್ ೨೦೨೫

ಇಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಹದಿನೇಳು ವರ್ಷ ಕನ್ನಡ ಪಾಠ ಹೇಳಿ ಮಕ್ಕಳ ನಡತೆ ತಿದ್ದಿದ ಗೋವಿಂದರಾಜನೆಂಬ ನಾನು ಒಂದು ಕಳ್ಳತನ ಮಾಡಿದೆ. ಕದ್ದ ಮಾಲು: ಇನ್ನೂರು ಪುಟದ ಒಂದು ನೋಟ್‌ಬುಕ್. ಸ್ಥಳ: ಕುಷ್ಟಗಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು, ಮೇಜಿನ ಡ್ರಾಯರು. ಆಯುಧ: ಹೆಂಡತಿ ಲಲಿತಾಳ ತಲೆಪಿನ್ನು. ಅರ್ಧ ಗಂಟೆ ಪಿನ್ನು ಆಡಿಸಿ, ಕೊನೆಗೆ ಸಿಟ್ಟಿನಿಂದ ಕೆಳಗೊಂದು ಗುದ್ದಿದ ಮೇಲೆ ಡ್ರಾಯರು ಬಾಯಿ ಬಿಟ್ಟಿತು. ಪಶ್ಚಾತ್ತಾಪ: ಇನ್ನೂ ಬಂದಿಲ್ಲ. ದಾರಿಯಲ್ಲಿರಬಹುದು.

ಪಾಪದ ಹಿನ್ನೆಲೆ ಇಷ್ಟು. ಕಂಪ್ಯೂಟರ್ ವಿಭಾಗದ ನಿಶಾತ ಮೇಡಂ ಚೊಚ್ಚಲ ಬಾಣಂತನಕ್ಕೆ ತವರುಮನೆ ಕನಕಗಿರಿಗೆ ಹೋಗಿದ್ದಾರೆ. ಈ ತಿಂಗಳ ಇಪ್ಪತ್ತೆರಡಕ್ಕೆ ಕಾಲೇಜು ತಪಾಸಣೆಗೆ ತಂಡ ಬರುತ್ತದೆ. ಬಂದವರು ಮೊದಲು ನೋಡುವುದು ಕಾಲೇಜಿನ ವೆಬ್‌ಸೈಟು. ಪ್ರಾಂಶುಪಾಲ ವಿರುಪಾಕ್ಷಿಯವರು ನನ್ನನ್ನು ಕರೆದು, "ಗೋವಿಂದರಾಜ ಅವರ, ಕಂಪ್ಯೂಟರಿಗೂ ಒಂದು ಭಾಷಾ ಅಂತ ಇರತೈತಲ್ರೀ? ನೀವು ಭಾಷಾದವರು. ನಮ್ದು ಲಿನಕ್ಸ್ ಐತಂತ. ಇಪ್ಪತ್ತೆರಡರತನಾ ವೆಬ್‌ಸೈಟ್ ನೀವ ನೋಡ್ಕೊಳ್ರಿ," ಎಂದರು.

ಆಗುವುದಿಲ್ಲ ಎನ್ನಬೇಕಿತ್ತು. "ಲಿನಕ್ಸ್ ತಾನ ಸರ? ನಾನ ಓದಿ ಕಲಿತೇನ್ರಿ," ಎಂದುಬಿಟ್ಟೆ. ಆ ಕ್ಷಣದವರೆಗೆ ಲಿನಕ್ಸ್ ಎಂದರೆ ಮಂಡಿನೋವಿಗೆ ಹಚ್ಚುವ ಮುಲಾಮು ಎಂದು ತಿಳಿದಿದ್ದೆ.

ಲ್ಯಾಬಿಗೆ ಹೋದೆ. ನಮ್ಮ ಹಳೆಯ ಯಂತ್ರಗಳಲ್ಲಿ ವಿಂಡೋಸ್ ಇಲ್ಲ; ಎಂದರೆ ಕಿಟಕಿಯೇ ಇಲ್ಲದ ಕೋಣೆ. ಕರಿ ಪರದೆ, ಬಿಳಿ ಅಕ್ಷರ, ಪಿಳಿಪಿಳಿ ಎನ್ನುವ ಒಂದು ಗೆರೆ. ಲ್ಯಾಬಿನ ಜವಾನ ಆಗತಾನೇ ಸರ್ವರ್ ಪೆಟ್ಟಿಗೆಗೆ ವಿಭೂತಿ ಪಟ್ಟೆ ಎಳೆದು ಊದಿನಕಡ್ಡಿ ಬೆಳಗುತ್ತಿದ್ದ. ಹೆಸರು ಪಕೀರಪ್ಪ. ಇಪ್ಪತ್ತೆರಡು ವರ್ಷದಿಂದ ಲ್ಯಾಬಿನ ಕೀಲಿ ಅವನ ಸೊಂಟದಲ್ಲಿದೆ.

"ಸರ್ರ, ಮೇಡಮ್ಮಾರು ಊರಿಗಿ ಹೋಗೂಮುಂದ ಒಂದು ಮಾತು ಹೇಳ್ಯಾರ್ರಿ, ಆ ಡ್ರಾಯರಿನ್ಯಾಗ..." ಎಂದು ಶುರುಮಾಡಿದ.

"ಪಕೀರಪ್ಪ, ನೀ ಕಡ್ಡಿ ಹಚ್ಚು. ತಲಿ ಓಡಸೂದು ನನಗ ಬಿಡು," ಎಂದು ಅವನನ್ನು ಹೊರಗೆ ಕಳಿಸಿ ಪಿನ್ನು ತೆಗೆದೆ.

ನೋಟ್‌ಬುಕ್ಕಿನ ತುಂಬ ದಿನಬಳಕೆಯ ಸಲಹೆಗಳು, ಅಚ್ಚುಕಟ್ಟಾದ ಕನ್ನಡದಲ್ಲಿ. ಆದರೆ ಪ್ರತಿ ಪುಟದ ನೆತ್ತಿಯಲ್ಲೂ ಬಿಸ್ಮಿಲ್ಲಾದ ಅಂಕಿ, ೭೮೬! ಇಂಜಿನಿಯರಿಂಗ್ ಓದಿದವರು, ಯಂತ್ರದ ಜೊತೆ ತರ್ಕದ ಭಾಷೆಯಲ್ಲಿ ಮಾತಾಡುವವರು, ಆದರೂ ಕೈ ತನ್ನ ಚಾಳಿ ಬಿಡಲಿಲ್ಲ. ನಾನೋ, ಖಾಲಿ ಹಾಳೆ ಕಂಡರೆ ನೇರ ವಿಷಯಕ್ಕೇ ಇಳಿಯುವವನು. ಶುಭ, ಲಾಭ, ದೇವರು, ದಿಂಡರು ಯಾರೂ ನನ್ನ ಪೆನ್ನಿಗೆ ಅಡ್ಡ ಬರುವುದಿಲ್ಲ. ಕಾಲೇಜಿನ ವಿಚಾರ ವೇದಿಕೆಗೆ ಒಂಬತ್ತು ವರ್ಷದಿಂದ ನಾನು ಸುಮ್ಮನೆ ಅಧ್ಯಕ್ಷನಾಗಿಲ್ಲ.

ಶ್ರೀ
ಮಂಗಳವಾರ, ೫ ಆಗಸ್ಟ್

ಕರಿ ಪರದೆ ಪಾಸ್‌ವರ್ಡ್ ಕೇಳಿತು. ನನ್ನ ಹೆಸರಿನದೊಂದನ್ನು ಪ್ರಾಂಶುಪಾಲರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೊಡೆದೆ. ಪರದೆಯ ಮೇಲೆ ಒಂದು ಚುಕ್ಕಿಯೂ ಬೀಳಲಿಲ್ಲ. ಕೀಲಿಮಣೆ ಸತ್ತಿದೆ ಎಂದು ತೀರ್ಮಾನಿಸಿ ಜವಾನನಿಗೆ ಬೇರೆ ತರಲು ಹೇಳಿದೆ. ಅದೂ ಸತ್ತಿತ್ತು. ಮೂರನೆಯದೂ. ಮೂರು ಹೆಣಗಳನ್ನು ಸಾಲಾಗಿ ಮಲಗಿಸಿ ನೋಟ್‌ಬುಕ್ ತೆಗೆದರೆ ಎರಡನೇ ಪುಟದಲ್ಲೇ ಇದೆ: "ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ. ಗಾಬರಿ ಬೇಡ. ಅದು ಮರ್ಯಾದೆ, ಮರಣವಲ್ಲ."

ಒಳಗೆ ಹೋದೆ. ಒಂದು ಕಡತ ಬರೆದೆ. ಉಳಿಸಬೇಕಲ್ಲ, ರೂಢಿಯಂತೆ ಕಂಟ್ರೋಲ್-ಎಸ್ ಒತ್ತಿದೆ. ಪರದೆ ಸೆಟೆದು ನಿಂತಿತು. ಯಾವ ಗುಂಡಿಗೂ ಜಪ್ಪಯ್ಯ ಅನ್ನಲಿಲ್ಲ.

"ಮೇನ್ ಸ್ವಿಚ್ ತಗೀ ಪಕೀರಪ್ಪ!"

"ಸರ್ರ, ಮೇಡಮ್ಮಾರು ಹಿಂಗಾದ್ರ ಕ್ಯೂ ಅಂತಿದ್ರರಿ..."

"ಯಾವ ಕ್ಯೂ? ಇಲ್ಲಿ ನಾನೊಬ್ನ ಅದೀನಿ. ತಗೀ!"

ತೆಗೆದ. ಬರೆದದ್ದೆಲ್ಲ ಹೋಯಿತು. ಆಮೇಲೆ ಪುಟ ಒಂಬತ್ತು: "ಕರಿ ಪರದೆಯಲ್ಲಿ ಕಂಟ್ರೋಲ್-ಎಸ್ ಎಂದರೆ ಉಳಿಸು ಅಲ್ಲ, ನಿಲ್ಲು. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಚಲಿಸುತ್ತದೆ." ಜವಾನನ ಮುಖ ನೋಡಲಿಲ್ಲ.

ದುಃಖ ಮರೆಯಲು ಅವನ ಮನೆಗೇ ಹೋದೆ. ಕಾಲೇಜಿನ ಹಿಂದೆ ಒಂದೇ ಕೋಣೆಯ ಕ್ವಾರ್ಟರ್ಸು. ಬಾಗಿಲಲ್ಲಿ ಅವನ ಹೆಂಡತಿ ಹಂಪವ್ವ ಮಂಡಾಳ ಒಗ್ಗರಣಿ, ಮಿರ್ಚಿ ಮಾಡುತ್ತಾಳೆ. ನಮ್ಮ ಕಾಲೇಜಿನ ಹಾಜರಾತಿಗೆ ಪ್ರಾಂಶುಪಾಲರ ಶಿಸ್ತು ಕಾರಣವೆಂದು ವರದಿಯಲ್ಲಿ ಬರೆದಿದೆ. ನಿಜವಾದ ಕಾರಣ ಆ ಬಾಣಲೆ.

ಶ್ರೀ
ಶುಕ್ರವಾರ, ೮ ಆಗಸ್ಟ್

ವಾಹ್! ನಾನು ಇಷ್ಟು ದಿನ ಎಲ್ಲಿದ್ದೆ?

ಹೆಸರು ಪೂರ್ತಿ ಬರೆಯಬೇಕಿಲ್ಲ. ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಲಲಿತಾ ನನ್ನ ಮಾತುಗಳನ್ನು ಹಾಗೇ ಪೂರ್ತಿ ಮಾಡುತ್ತಾಳೆ, ಆದರೆ ತಪ್ಪಾಗಿ. ಹಿಂದೊಮ್ಮೆ ಕೊಟ್ಟ ಆಜ್ಞೆ ಮತ್ತೆ ಬೇಕೆಂದರೆ ಕಂಟ್ರೋಲ್-ಆರ್ ಒತ್ತಿ ಒಂದು ತುಣುಕು ನೆನಪಿಸಿದರೆ ಸಾಕು, ಹುಡುಕಿ ತಂದು ಕೊಡುತ್ತದೆ. ಇದು ಲಲಿತಾಳಿಗೂ ಬರುತ್ತದೆ, ಸರಿಯಾಗಿಯೇ. ೨೦೧೧ರಲ್ಲಿ ನಾನು ಆಡಿದ್ದನ್ನು ಮೊನ್ನೆ ಹುಡುಕಿ ತಂದಳು.

cat ಎಂದರೆ ಕಡತವನ್ನು ಪರದೆಗೆ ತಂದು ಸುರಿಯುವ ಬೆಕ್ಕು. head ಎಂದರೆ ಕಡತದ ತಲೆ, tail ಎಂದರೆ ಬಾಲ. sudo ಎಂದರೆ ದೊಡ್ಡವರ ಅಧಿಕಾರದಿಂದ ಮಾಡು ಎಂದಂತೆ; ಯೋಚಿಸದೆ ಬಳಸಿದರೆ ಹೆಸರಿಗೆ ತಕ್ಕಂತೆ ಸುಡುತ್ತದೆ. ಕಡತದ ಹೆಸರಿನಲ್ಲಿ ಖಾಲಿ ಜಾಗ ಬಿಡಬಾರದಂತೆ, ಬಿಟ್ಟರೆ ಒಂದನ್ನು ಎರಡೆಂದು ತಿಳಿಯುತ್ತದೆ. ನಮ್ಮ ಶಿಬಿರದ ನೂರಾ ನಲವತ್ತು ಫೋಟೋಗಳ ಹೆಸರಿನ ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಹಾಕುವ ಕೆಲಸವನ್ನು ನೋಟ್‌ಬುಕ್ಕಿನ ಒಂದೇ ಸಾಲು ಮಾಡಿ ಮುಗಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ! ಪಕೀರಪ್ಪ ಹಿಂದೆ ನಿಂತು ನೋಡಿ, "ಮೇಡಮ್ಮಾರು ಮಾಡ್ದಂಗ ಆತ್ರಿ," ಎಂದ. ಹೊಗಳಿಕೆ ಎಂದೇ ತೆಗೆದುಕೊಂಡೆ.

ನನ್ನದೇ ಒಂದು ಪದ್ಧತಿಯನ್ನೂ ಕಂಡುಕೊಂಡೆ. ಹಳೆಯ ಕಡತದೊಳಗೆ ತೂರಿ ತಿದ್ದುವುದು ನನಗೆ ಒಗ್ಗದು. ಮೇಷ್ಟ್ರು ನಾನು, ಹಲಗೆ ಪೂರ್ತಿ ಒರೆಸಿ ಮೊದಲಿನಿಂದ ಬರೆಯುವವನು. ಕಡತ ಅಳಿಸುತ್ತೇನೆ, ಹೊಸದು ತೆರೆಯುತ್ತೇನೆ, ಕಣ್ಣನ್ನು ಕೀಲಿಮಣೆಯ ಮೇಲಿಟ್ಟು ಎರಡು ಬೆರಳಲ್ಲಿ ಕುಟ್ಟುತ್ತೇನೆ. ಕನ್ನಡದಿಂದ ಇಂಗ್ಲಿಷಿಗೆ ದಾಟಲು ಮೇಡಂ ಒಂದು ಗುಂಡಿ ಇಟ್ಟಿದ್ದಾರೆ. ಬೆರಳಿಗೆ ಆಗಲೇ ಅದರ ದಾರಿ ಗೊತ್ತಾಗಿದೆ. ಪರದೆ ನೋಡುವುದು ಕೊನೆಗೆ, ಉಳಿಸುವಾಗ ಮಾತ್ರ, ಅದೂ ಕೊನೆಯ ಸಾಲನ್ನಷ್ಟೇ.

ಶ್ರೀ
ಸೋಮವಾರ, ೧೧ ಆಗಸ್ಟ್

ಪ್ರಾಂಶುಪಾಲರು ತಪಾಸಣಾ ವರದಿಯಲ್ಲಿ ಒಂದೊಂದು ವಿಭಾಗಕ್ಕೂ ಒಂದೊಂದು ಚಿಕ್ಕ ವಿಳಾಸ ಅಚ್ಚು ಹಾಕಿಸಿ ಕಳಿಸಿಬಿಟ್ಟಿದ್ದಾರೆ. ಆ ವಿಳಾಸ ಒತ್ತಿದರೆ ಸರಿಯಾದ ಪುಟಕ್ಕೆ ಹೋಗಬೇಕು. ಇದಕ್ಕೆಂದೇ ಒಂದು ಕಡತವಿದೆ. ಹೆಸರು ಚುಕ್ಕಿಯಿಂದ ಶುರು, .htaccess. ಚುಕ್ಕಿ ಇದ್ದರೆ ಕಡತ ಗೋಷಾದಲ್ಲಿದೆ ಎಂದರ್ಥ. ls ಎಂದರೆ ಕಾಣದು, ls -a ಎಂದರೆ ಮುಸುಕು ಸರಿಸುತ್ತದೆ. ಇದು ಬಾಗಿಲ ಬಳಿ ನಿಂತ ಆಳಿನ ಹಾಗೆ. ಬಂದವರನ್ನು ಯಾವ ಕೋಣೆಗೆ ಕಳಿಸಬೇಕೆಂದು ಇದರಲ್ಲಿ ಬರೆದಿರುತ್ತದೆ.

ನೋಟ್‌ಬುಕ್ ನೋಡಿಕೊಂಡು ಹನ್ನೊಂದು ಸಾಲು ಬರೆದೆ. ಸಂಜೆ ಐದೂ ನಲವತ್ತು. ಆಫೀಸಿನ ಯಂತ್ರದ ಬ್ರೌಸರಿನಲ್ಲಿ ಕಾಲೇಜಿನ ಪುಟ ತೆರೆದು ನೋಡಿದೆ: ಝಗಮಗ. ಪ್ರಾಂಶುಪಾಲರಿಗೆ ಫೋನು ಮಾಡಿ, "ಆತ್ರಿ ಸರ, ಕಲ್ಲಿನ್ಯಾಗ ಕೆತ್ತಿದಂಗ ಆಗೇತಿ," ಎಂದೆ. ನಾಲ್ಕು ಮಿರ್ಚಿ ತಿಂದೆ.

ಶ್ರೀ
ಮಂಗಳವಾರ, ೧೨ ಆಗಸ್ಟ್

ಕಲ್ಲು ಬಿದ್ದಿದೆ. ಬೆಳಿಗ್ಗೆ ಒಂಬತ್ತಕ್ಕೆ ಪ್ರಾಂಶುಪಾಲರ ಫೋನು: "ಏನ್ರೀ ಇದು? ಬರೇ ಐದನೂರು ಅಂತ ತೋರಸಾಕತ್ತೇತಿ!"

ಇಡೀ ಸೈಟಿನ ಬದಲು ಒಂದು ಬಿಳಿ ಹಾಳೆ. ಅದರ ಮೇಲೆ ೫೦೦, ಒಳಗೇನೋ ಕೆಟ್ಟಿದೆ ಎಂಬ ಒಂದು ಸಾಲು. ನೋಟ್‌ಬುಕ್: "ಇಡೀ ಸೈಟು ಒಮ್ಮೆಲೇ ಬಿದ್ದರೆ ಮೊದಲು ಚುಕ್ಕಿ ಕಡತದ ಹೆಸರು ಬದಲಿಸಿ ನೋಡು." ಬದಲಿಸಿದೆ. ಸೈಟು ಎದ್ದಿತು. ಆದರೆ ಚಿಕ್ಕ ವಿಳಾಸಗಳು ಸತ್ತವು. ಸಂಜೆ ಮತ್ತೆ ಹಲಗೆ ಒರೆಸಿ, ಮೊದಲಿನಿಂದ ಬರೆದು, ಬ್ರೌಸರಿನಲ್ಲಿ ನೋಡಿದೆ. ಝಗಮಗ. ಮನೆಗೆ ಬಂದೆ.

ಶ್ರೀ
ಬುಧವಾರ, ೧೩ ಆಗಸ್ಟ್

ಮತ್ತೆ ಐದನೂರು!

ನಾನು ಹೋಗುವಾಗ ನಿಂತಿದ್ದ ಸೈಟು ಬೆಳಗಾಗುವಷ್ಟರಲ್ಲಿ ಬೀಳುತ್ತದೆ ಎಂದರೆ ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ. ಸರ್ವರಿನ ತಪ್ಪೊಪ್ಪಿಗೆಯ ಪುಸ್ತಕವೊಂದಿದೆ, ದೋಷಗಳೆಲ್ಲ ಅದರಲ್ಲಿ ದಾಖಲಾಗುತ್ತವೆ. tail ಹಾಕಿ ಅದರ ಬಾಲ ಹಿಡಿದೆ. ಕಡತದ ಮೊದಲ ಸಾಲಿನಲ್ಲೇ ಅರ್ಥವಾಗದ ಆಜ್ಞೆ ಇದೆಯಂತೆ. ಆ ಆಜ್ಞೆ ಹೀಗಿತ್ತು, ಅಕ್ಷರಶಃ ಇಳಿಸಿಕೊಂಡಿದ್ದೇನೆ:

\xe0\xb2\xb6\xe0\xb3\x8d\xe0\xb2\xb0\xe0\xb3\x80

ಕಡತ ತೆರೆದೆ. ಮೊದಲ ಸಾಲಿನಲ್ಲಿ ನಾಲ್ಕು ಪುಟ್ಟ ಡಬ್ಬಿ, ಚೌಕಾಕಾರ, ಒಳಗೇನೂ ಇಲ್ಲ. ಅವುಗಳ ಕೆಳಗೆ ನನ್ನ ಹನ್ನೊಂದು ಸಾಲು ಸುರಕ್ಷಿತ. ನಾನು ಡಬ್ಬಿ ಬರೆದಿಲ್ಲ. ಕೀಲಿಮಣೆಯಲ್ಲಿ ಡಬ್ಬಿಯ ಗುಂಡಿಯೇ ಇಲ್ಲ.

ಜವಾನನನ್ನು ಕರೆದು ಆ ಸಾಲು ಓದಿ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿ, "ಬೀಜಾಕ್ಷರ ಇದ್ದಂಗ ಐತಲ್ರೀ ಸರ್ರ," ಎಂದ.

ಬೀಜಾಕ್ಷರ! ಇವನಿಗೆ ಹೇಗೆ ಗೊತ್ತು?

ಶ್ರೀ
ಗುರುವಾರ, ೧೪ ಆಗಸ್ಟ್

ಪತ್ತೇದಾರಿಗೆ ಬೇಕಾದದ್ದು ತರ್ಕ. ಒಂದು: ಲ್ಯಾಬಿನ ಕೀಲಿ ಯಾರ ಬಳಿ? ಜವಾನನ ಬಳಿ. ಎರಡು: ಸರ್ವರಿಗೆ ವಿಭೂತಿ ಬಳಿಯುವವನು ಯಾರು? ಜವಾನ. ಮೂರು: ಮಂತ್ರದ ವಾಸನೆ ಹಿಡಿದವನು ಯಾರು? ಮತ್ತೆ ಅವನೇ. ಯಂತ್ರದೊಳಗೂ ದೇವರನ್ನು ಕೂರಿಸುವ ಭಕ್ತಿಯ ಹುಚ್ಚಿನಲ್ಲಿ ಯಾವುದೋ ಗುಂಡಿ ಒತ್ತಿಬಿಡುತ್ತಾನೆ.

ಪ್ರಾಂಶುಪಾಲರಿಗೆ ಲಿಖಿತ ದೂರು ಕೊಟ್ಟೆ, ಒಂದೂವರೆ ಪುಟ. "ಅಂಧಶ್ರದ್ಧೆಯು ಪೆಟ್ಟಿಗೆಯೊಳಗೆ ನುಸುಳಿ" ಎಂಬ ವಾಕ್ಯ ಚೆನ್ನಾಗಿ ಬಂದಿದೆ.

ಅವರು ಓದಿ ತಲೆಯಾಡಿಸಿದರು. "ಭಾಳ ದಿನದ ಮನಷಾ ಅದಾನ್ರಿ ಅಂವ. ಆದ್ರ ಕಾಲೇಜಿನ ಮರ್ಯಾದಿ ಪ್ರಶ್ನೆ ಐತಿ. ತಪಾಸಣಿ ಮುಗೀಲಿ. ಅದರ ಮ್ಯಾಲಿನ ಸೋಮವಾರ ಕುಕನೂರು ಹಾಸ್ಟೆಲ್ ಗೇಟಿಗೆ ಕಳಸೂಣು."

ಕುಕನೂರು ಎಂದರೆ ಕ್ವಾರ್ಟರ್ಸು ಖಾಲಿ ಮಾಡಬೇಕು. ಕ್ವಾರ್ಟರ್ಸು ಖಾಲಿಯಾದರೆ ಬಾಣಲೆಯೂ ಹೋಗುತ್ತದೆ. ಇದು ನನಗೆ ಆ ಕ್ಷಣ ಹೊಳೆದಿರಲಿಲ್ಲ. ಕೀಲಿಯನ್ನು ಪಕೀರಪ್ಪನಿಂದ ಇಸಿದುಕೊಂಡೆ. ಉಡಿದಾರದಿಂದ ಬಿಚ್ಚಿಕೊಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗಂಟು ಹಳೆಯದು.

ಶ್ರೀ
ಶನಿವಾರ, ೧೬ ಆಗಸ್ಟ್

ಲಲಿತಾಳಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಾ, "ರೀ, ಆ ಪಕೀರಪ್ಪಗ ಇಂಗ್ಲಿಷ್ ಓದಾಕ ಬರ್ತೈತೇನು?" ಎಂದಳು.

"ಬರೂದಿಲ್ಲ."

"ಮತ್ತ ಪಾಸ್‌ವರ್ಡ್ ಹೆಂಗ ಹೊಡದ? ಮೂರು ಕೀಬೋರ್ಡು ಕೊಂದವರು ನೀವು, ಅಂವ ಒಂದ ಕಡ್ಡಿ ಹಚ್ಚಿ ಒಳಗ ಹೋದನೇನು?"

ಇವಳಿಗೆ ತರ್ಕಶಾಸ್ತ್ರದ ಹಿನ್ನೆಲೆ ಇಲ್ಲ. ಬರೆಯುವುದು ಮತ್ತೇನೂ ಇಲ್ಲ.

ಶ್ರೀ
ಸೋಮವಾರ, ೧೮ ಆಗಸ್ಟ್

ಹಂಪವ್ವನ ಬಾಗಿಲಿಗೆ ಹೋಗಲು ಮುಜುಗರ. ಆದರೂ ಕಾಲು ಹೋಯಿತು. ಕಾಲಿಗೆ ನೆನಪು ಜಾಸ್ತಿ. ಅವಳು ಎಂದಿನಂತೆ ಎರಡು ಮಿರ್ಚಿ ಹಾಕಿ, ಮೇಲೊಂದು ಹೆಚ್ಚಿಗೆ ಇಟ್ಟಳು. ಒಳಗೆ ಮೂಲೆಯಲ್ಲಿ ಪಾತ್ರೆ ಭಾಂಡೆಗಳು ಗೋಣಿಚೀಲದಲ್ಲಿದ್ದವು.

"ಸರ್ರ, ಕುಕನೂರಾಗ ಹಾಸ್ಟೆಲ್ ಹುಡುಗ್ರು ಮಿರ್ಚಿ ತಿಂತಾರೇನ್ರಿ?"

"ತಿಂತಿರಬೇಕು," ಎಂದೆ.

"ಅಲ್ಲಿ ಗೇಟಿನ ಮುಂದ ಒಲಿ ಹೂಡಾಕ ಬಿಡ್ತಾರಿಲ್ಲೋ," ಎಂದಳು, ತನಗೇ ಎಂಬಂತೆ. ಆಮೇಲೆ, "ಆ ಡಬ್ಬಿ ಮಾಡಿದಾವ್ರು ಸಿಕ್ರೇನ್ರಿ?" ಎಂದು ಕೇಳಿದಳು. ತನ್ನ ಗಂಡನ ಮೇಲೇ ದೂರು ಇರುವುದು ಅವಳಿಗೆ ಗೊತ್ತಿಲ್ಲ! ವರ್ಗ ಎಂದರೆ ಸುಮ್ಮನೆ ವರ್ಗ ಎಂದು ಪಕೀರಪ್ಪ ಹೇಳಿದ್ದಾನೆ.

ಮೂರನೇ ಮಿರ್ಚಿ ಗಂಟಲಲ್ಲಿ ನಿಂತಿತು. ಮೆಣಸಿನಕಾಯಿ ಖಾರ ಇತ್ತು.

ಶ್ರೀ
ಮಂಗಳವಾರ, ೧೯ ಆಗಸ್ಟ್

ಇವತ್ತು ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಬೆಳಿಗ್ಗೆ ಮೊದಲ ಬಸ್ಸಿಗೆ ಹುಲಿಗಿಯ ಅಮ್ಮನ ಗುಡಿಗೆ ಹೋಗಿದ್ದರು, ವರ್ಗ ತಪ್ಪಲಿ ಎಂದು ಬೇಡಿಕೊಳ್ಳಲು. ಕೀಲಿ ನನ್ನ ಜೇಬಿನಲ್ಲಿ. ಕಾರಿಡಾರಿನ ಬಾಗಿಲಿಗೂ ನಾನೇ ಬೀಗ ಹಾಕಿದ್ದೆ. ಮಧ್ಯಾಹ್ನ ಹೊಸದಾಗಿ ಕಡತ ಬರೆದೆ. ಮೂರಕ್ಕೆ ಪ್ರಾಂಶುಪಾಲರ ಫೋನು.

ಐದನೂರು. ನಾಲ್ಕು ಡಬ್ಬಿ.

ಸಂಜೆ ಪಕೀರಪ್ಪ ಮನೆಗೆ ಬಂದು ಬಾಗಿಲಲ್ಲೇ ನಿಂತು ಪ್ರಸಾದ ಕೊಟ್ಟ. "ನಿಮ್ಮ ಕಂಪ್ಯೂಟರ್ ಸಲುವಾಗೂ ಒಂದು ಕಾಯಿ ಒಡಿಸೀನ್ರಿ ಸರ್ರ," ಎಂದ.

ಹುಲಿಗಿ ಇಲ್ಲಿಂದ ಎಷ್ಟು ದೂರವೆಂದು ನನಗೆ ಗೊತ್ತು. ಅಲ್ಲಿಂದ ಡಬ್ಬಿ ಬರೆಯುವ ಮಂತ್ರವಿಲ್ಲ. ನಾಳೆ ಕನಕಗಿರಿಗೆ ಹೋಗುತ್ತೇನೆ. ನಿಶಾತ ಮೇಡಂಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನೆಪಕ್ಕೆ ಕೂಸಿಗೊಂದು ಕುಲಾವಿ. ನೋಟ್‌ಬುಕ್ ಚೀಲದ ತಳದಲ್ಲಿ, ಬಾಳೆಹಣ್ಣಿನ ಕೆಳಗೆ.

ಶ್ರೀ
ಬುಧವಾರ, ೨೦ ಆಗಸ್ಟ್

ಹೋಗಿ ಬಂದೆ. ಕೂಸು ಚೆನ್ನಾಗಿದೆ. ದೋಷ ಸಿಕ್ಕಿತು. ಸಣ್ಣ ತಾಂತ್ರಿಕ ಕಾರಣ. ವಿವರ ಅನವಶ್ಯಕ.

ಶ್ರೀ
ಶುಕ್ರವಾರ, ೨೨ ಆಗಸ್ಟ್

ಸೈಟು ನಿಂತಿದೆ. ತಂಡದವರು ಚಿಕ್ಕ ವಿಳಾಸಗಳನ್ನು ಒಂದೊಂದಾಗಿ ಒತ್ತಿದರು. ಹನ್ನೊಂದೂ ಬಾಗಿಲು ತೆರೆದವು. ಪ್ರಾಂಶುಪಾಲರು ನನ್ನನ್ನು ಮುಂದೆ ತಳ್ಳಿ, "ಕನ್ನಡದ ಮಾಸ್ತರು, ತಾವ ಓದಿ ಕಲಿತಾರ್ರಿ," ಎಂದರು. ತಂಡದ ಮುಖ್ಯಸ್ಥರು ನಾಲ್ಕು ಮಾತಾಡಿ ಎಂದರು. ಮಾತಾಡಿದೆ. "ಯಂತ್ರದ ಮುಂದೆ ನಂಬಿಕೆ ನಡೆಯದು, ವಿಚಾರ ಒಂದೇ ನಡೆಯುವುದು" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಪಕೀರಪ್ಪನೂ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ತಂಡ ಹೋದ ಮೇಲೆ ಪ್ರಾಂಶುಪಾಲರಿಗೆ, ಪಕೀರಪ್ಪನದು ತಪ್ಪಿಲ್ಲ ಎಂದು ಮೆಲ್ಲಗೆ ಹೇಳಿದೆ.

"ಹಂಗಂದ್ರ ಯಾರ್ದು? ದೂರು ಬರದು ಕೊಟ್ಟೀರಿ, ಈಗ ಬಾಯಿಲೆ ಇಲ್ಲ ಅಂದ್ರ ಹೆಂಗ್ರಿ? ಯಾರ ತಪ್ಪು ಅಂತ ಬರದು ಕೊಡ್ರಿ. ಇಲ್ಲಂದ್ರ ಸೋಮವಾರ ಆರ್ಡರಿಗೆ ಸಹಿ ಹಾಕ್ತೀನಿ."

ಗೋಣಿಚೀಲದಲ್ಲಿನ ಭಾಂಡೆಗಳು ನೆನಪಾದವು. ಚಪ್ಪಾಳೆಯೂ.

ಶ್ರೀ
ಭಾನುವಾರ, ೨೪ ಆಗಸ್ಟ್

ಬುಧವಾರ ಬರೆಯದೆ ಬಿಟ್ಟ ವಿವರ ಇಲ್ಲಿ ಬರೆದುಬಿಡುತ್ತೇನೆ. ನನ್ನ ಹೊರತು ಯಾರೂ ಓದುವುದಿಲ್ಲ. ಓದುವವನಿಗೂ ಮರ್ಯಾದೆ ಅಷ್ಟೇನೂ ಉಳಿದಿಲ್ಲ.

ಕನಕಗಿರಿಯಲ್ಲಿ ನಿಶಾತ ಮೇಡಂ ತಾಯಿ ಜೈನಾಬೀ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಹಾಲು ಶಾವಿಗೆಯ ಸುರಕುಂಬಾದ ಬಟ್ಟಲು ಕೈಗಿಟ್ಟರು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನಾನು ಪತ್ತೇದಾರನ ಗತ್ತಿನಲ್ಲಿ ಎಲ್ಲ ವಿವರಿಸಿದೆ: ಮಂತ್ರ, ಡಬ್ಬಿ, ವಿಭೂತಿ. ಮೇಡಂ ಮೊಬೈಲಿನಿಂದಲೇ ನಮ್ಮ ಸರ್ವರಿನೊಳಗೆ ಹೊಕ್ಕರು.

"ಸರ, ls -l ಅಂದ್ರ ಕಡತಾ ಯಾರು ಬರದಾರು, ಯಾವಾಗ ಬರದಾರು ಅಂತ ಹೇಳತೈತ್ರಿ. ಇಲ್ಲಿ ನೋಡ್ರಿ, ನಿನ್ನೆ ಮಧ್ಯಾಹ್ನ ಎರಡೂ ಐದು. ಆವಾಗ ಲ್ಯಾಬಿನ್ಯಾಗ ಯಾರಿದ್ರು?"

"ನಾನೊಬ್ನ ಇದ್ದೆ."

"ಅದಾದಮ್ಯಾಲ ಯಾರೂ ಮುಟ್ಟಿಲ್ರಿ. last ಅಂತ ಹೊಡದ್ರ ಒಳಗ ಬಂದೋರ ಹೆಸರೆಲ್ಲ ಬರತಾವು. ಹದಿನೈದು ದಿನದಾಗ ಒಂದ ಹೆಸರು ಐತಿ."

"ಯಾರ್ದು?" ಎಂದು ಕೇಳಿದೆ. ಕೇಳಿದ್ದು ನಿಜ.

"ಆದ್ರ ಸಂಜಿಮುಂದ ನಾನ ಕಣ್ಣಾರೆ ನೋಡೀನ್ರಿ, ಸೈಟು ಛಲೋ ಇತ್ತು!" ಎಂದು ವಾದಕ್ಕಿಳಿದೆ.

"ಅದು ಬ್ರೌಸರು ಮದ್ಲಿಂದು ನೆನಪಿಟ್ಕೊಂಡು ತೋರ್ಸಿದ ಪುಟಾರಿ ಸರ. ಕಂಟ್ರೋಲ್, ಶಿಫ್ಟ್, ಆರ್ ಮೂರೂ ಕೂಡಿ ಒತ್ತಿದ್ರ ಖರೇ ಪುಟಾ ಬರ್ತೈತಿ. ಅರವತ್ತೊಂದನೇ ಪುಟದಾಗ ಬರದೀನಲ್ರಿ."

"ಹೌದೇನು, ನಾನು ಐವತ್ತರ ತನಾ..." ಎಂದು ನಾಲಿಗೆ ಕಚ್ಚಿಕೊಂಡೆ.

ಅವರು ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನೋಟ್‌ಬುಕ್ ನಿಮಗಂತನ ಇಟ್ಟು ಬಂದಿದ್ದೆರಿ. ಪಕೀರಪ್ಪನ ಕಡೆ ಹೇಳಿ ಕಳಿಸಿದ್ದೆ. ಆ ಡ್ರಾಯರಿಗೆ ಕೀಲಿನ ಇಲ್ಲ, ಒಂಚೂರು ಕೆಳಗಿಂದ ಎತ್ತಿ ಎಳೀಬೇಕು. ಅಂವ ಹೇಳ್ಲಿಲ್ಲೇನ್ರಿ?"

ಹೇಳಲು ಬಂದಿದ್ದ. ಕಡ್ಡಿ ಹಚ್ಚು ಎಂದಿದ್ದೆ.

"ಮತ್ತ ಆ ನಾಲ್ಕು ಡಬ್ಬಿ?" ಎಂದು ಕೊನೆಯ ಆಸೆಯಿಂದ ಕೇಳಿದೆ.

"ಆ ಕರಿ ಪರದಿಗೆ ಕನ್ನಡ ಬರೂದಿಲ್ರಿ ಸರ. ಕನ್ನಡ ಅಕ್ಷರ ಕಂಡ್ರ ಡಬ್ಬಿ ತೋರಸತೈತಿ. ಆ ಎಕ್ಸ್-ಇ-ಸೊನ್ನಿ ಅನ್ನೂದೂ ಅದನ್ನ ಅಂಕಿಯೊಳಗ ಹೇಳೂದು. ಮೊಬೈಲ್ನ್ಯಾಗ ಕನ್ನಡ ಐತಿ, ತಗೋರಿ," ಎಂದು ಕಡತ ತೆರೆದು ನನ್ನ ಮುಂದೆ ಹಿಡಿದರು.

ನನ್ನ ಹನ್ನೊಂದು ಸಾಲುಗಳ ನೆತ್ತಿಯ ಮೇಲೆ, ಸ್ಪಷ್ಟವಾಗಿ, ದುಂಡಗೆ: ಶ್ರೀ.

ನಾನು ಬರೆದಿಲ್ಲ ಎಂದೆ. ಆಣೆ ಮಾಡಲು ಹೊರಟೆ. ಯಾರ ಮೇಲೆ ಆಣೆ ಎಂದು ತೋಚಲಿಲ್ಲ. ಜೈನಾಬೀ ಬಗ್ಗಿ ನನ್ನ ಕೈಯಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ನೋಡಿ, "ಇದರ ಮ್ಯಾಲೂ ಐತಲ್ಲಪ್ಪ," ಎಂದರು. ತಾಯಿ ಮಗಳು ನಕ್ಕದ್ದಕ್ಕೆ ಕೂಸು ಎದ್ದಿತು.

ಒಂದನೇ ಇಯತ್ತೆಯಲ್ಲಿ ಮಾಸ್ತರು ನನ್ನ ಕೈ ಹಿಡಿದು ಪಾಟಿಯ ಮೇಲೆ ಬರೆಸಿದ್ದು. ಯಾವ ಖಾಲಿ ಹಲಗೆ ಕಂಡರೂ ಕೈ ಮೊದಲು ಅದನ್ನು ಬರೆದು ಆಮೇಲೆ ನನ್ನ ವಶಕ್ಕೆ ಬರುತ್ತದೆಯಂತೆ. ಇಷ್ಟು ವರ್ಷ ನನಗೇ ಒಂದು ಮಾತು ಹೇಳಲಿಲ್ಲ.

"ಬಿಡಾಕ ಹೋಗಬ್ಯಾಡ್ರಿ ಸರ, ಆಗೂದಿಲ್ಲ," ಎಂದರು ಮೇಡಂ. "ನಾನೂ ಹಾಕ್ತೀನಿ. ಆದ್ರ ಮುಂದ ಒಂದು ಹ್ಯಾಶ್ ಗುರ್ತು ಹಾಕ್ತೀನಿ. ಹ್ಯಾಶ್ ಇದ್ದ ಸಾಲನ್ನ ಯಂತ್ರ ಓದೂದಿಲ್ಲ. ಅದು ನಮಗೂ ದೇವರಿಗೂ ಬಿಟ್ಟದ್ದು." ಕಡತದ ಮೊದಲ ಸಾಲಿನಲ್ಲಿ # ಒಂದನ್ನು ಹೊಡೆದರು. ಹನ್ನೊಂದು ಬಾಗಿಲೂ ತೆರೆದವು. ಶುಕ್ರವಾರ ತಪಾಸಣಾ ತಂಡದ ಮುಂದೆ ನಿಂತದ್ದು ಆ ಹ್ಯಾಶ್.

ನಿನ್ನೆ ಬೆಳಿಗ್ಗೆ ಪ್ರಾಂಶುಪಾಲರಿಗೆ ಪತ್ರ ಕೊಟ್ಟೆ. ಪಕೀರಪ್ಪನವರ ತಪ್ಪಿಲ್ಲ, ತಪ್ಪು ನನ್ನದು, ನನ್ನ ಕೈಗೆ ಅಂಟಿದ ಒಂದು ಅಭ್ಯಾಸದಿಂದ ಆದದ್ದು, ಆ ಅಭ್ಯಾಸವನ್ನು ಈಗ ಸಂಪೂರ್ಣ ತ್ಯಜಿಸಿದ್ದೇನೆ ಎಂದು. ವಿರುಪಾಕ್ಷಿಯವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು, ಪತ್ರದ ನೆತ್ತಿಗೆ ಬೆರಳಿಟ್ಟರು.

"ಸಾಕ್ಷಿನೂ ಜೋಡಿಸಿ ಕೊಟ್ಟೀರಲ್ರೀ."

ಆರ್ಡರು ಹರಿದರು. ಪತ್ರವನ್ನು ಮಾತ್ರ ಹರಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಓದಲಿಕ್ಕಿದೆಯಂತೆ.

ಕೀಲಿಯನ್ನು ನಾನೇ ಒಯ್ದು ಪಕೀರಪ್ಪನವರ ಕೈಗಿಟ್ಟು ಎಲ್ಲ ಹೇಳಿದೆ. ಅವರು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ಬೀಜಾಕ್ಷರ ಅಂತ ನಾ ಅವತ್ತ ಹೇಳಿದ್ದೆಲ್ರೀ," ಎಂದರು ಅಷ್ಟೇ. ಸಿಟ್ಟಾದದ್ದು ಹಂಪವ್ವ. "ಊರಿಗೆಲ್ಲಾ ದೇವರಿಲ್ಲ ಅಂತ ಭಾಷಣಾ ಮಾಡ್ತೀರಿ, ಬರಿಯೂದು ನೋಡಿದ್ರ ಶ್ರೀ. ಅದರ ಸಲುವಾಗಿ ನನ್ನ ಭಾಂಡೆ ಚೀಲಕ್ಕ ಹಾಕ್ಸಿದ್ರಿ. ಬಿಚ್ಚರಿ ಮತ್ತ ಈಗ!" ಬಿಚ್ಚಿದೆ. ಬಾಣಲೆಯನ್ನು ಗೂಟಕ್ಕೆ ನಾನೇ ತೂಗುಹಾಕಿದೆ. ಎರಡೇ ಮಿರ್ಚಿ ಕೊಟ್ಟಳು, ಮೇಲಿನದು ಬಂದ್. ಖಾರ ಮಾತ್ರ ಅಷ್ಟೇ ಇತ್ತು. ಸೋಮವಾರ ಗಂಟಲಲ್ಲಿ ನಿಂತದ್ದು ಖಾರವಲ್ಲ.

ಇವತ್ತು ಈ ಪುಟ ತೆರೆಯುವ ಮುಂಚೆ ಒಂದು ಪಣ ತೊಟ್ಟೆ: ಇದೊಂದರ ಮೇಲಾದರೂ ಬರೆಯಬಾರದು. ನೇರ ವಿಷಯಕ್ಕೇ ಇಳಿಯಬೇಕು. ಇಳಿದೆ. ಇಷ್ಟು ಬರೆದೆ. ಈಗ ತಲೆಯೆತ್ತಿ ಪುಟದ ನೆತ್ತಿ ನೋಡಿದೆ.

ಇದೆ.

ಹಿಂದಿನ ಪುಟಗಳನ್ನು ತಿರುವಿದೆ. ಒಂದೂ ಬಿಟ್ಟಿಲ್ಲ. ನಾಲ್ಕನೇ ತಾರೀಖಿನ ಪುಟದಲ್ಲಿ, ನನ್ನ ಪೆನ್ನಿಗೆ ಯಾವ ದೇವರೂ ಅಡ್ಡ ಬರುವುದಿಲ್ಲ ಎಂದು ಬರೆದ ಸಾಲಿದೆಯಲ್ಲ, ಅದರ ಒಂದು ಗೇಣು ಮೇಲೆ, ಉಳಿದೆಲ್ಲ ಪುಟಗಳಿಗಿಂತ ದುಂಡಗೆ ಬಂದಿದೆ. ಮುಂದೆ ಒಂದು ಹ್ಯಾಶ್ ಕೂಡ ಇಲ್ಲ.